ಹಳೆಯ ಸೇನಾ ರೈಫಲ್: ತಿದ್ದಿಸಬಹುದೇ, ತಿದ್ದಿಸಬೇಕೇ?

ಸೇನೆಯ ಬಳಕೆ ಮುಗಿದ ರೈಫಲ್ಲನ್ನು ಅಗ್ಗಕ್ಕೆ ಕೊಂಡು, ನಳಿಗೆ ಮೊಟಕು ಮಾಡಿಸಿ, ಮುಂಭಾಗದ ಮರ ಕೆತ್ತಿಸಿ, ಮೇಲೊಂದು ದುರ್ಬೀನು ಕೂರಿಸಿ ಬೇಟೆಗೆ ಒಗ್ಗಿಸಿಕೊಳ್ಳುವ ರೂಢಿ ಎರಡನೇ ಮಹಾಯುದ್ಧದ ನಂತರ ಅಮೆರಿಕ, ಕೆನಡಾ, ಬ್ರಿಟನ್ನುಗಳಲ್ಲಿ ದೊಡ್ಡದಾಗಿ ಬೆಳೆಯಿತು. ಯುದ್ಧ ಮುಗಿದು ಲಕ್ಷಗಟ್ಟಲೆ ರೈಫಲ್‌ಗಳು ಉಗ್ರಾಣಗಳಲ್ಲಿ ಉಳಿದಿದ್ದವು. ಹೊಸ ಬೇಟೆ ಬಂದೂಕಿನ ಬೆಲೆಯ ಒಂದು ಪಾಲಿಗೆ ಅವು ಸಿಗುತ್ತಿದ್ದವು. ಭಾರತದಲ್ಲಿ ಅಂಥ ಮಾರುಕಟ್ಟೆ ಹುಟ್ಟಲೇ ಇಲ್ಲ. ಸೇನೆಯಾಗಲಿ ಪೊಲೀಸ್ ಇಲಾಖೆಯಾಗಲಿ ತಮ್ಮ ಹಳೆಯ ರೈಫಲ್‌ಗಳನ್ನು ಜನರಿಗೆ ಹರಾಜು ಹಾಕುವುದಿಲ್ಲ.

ಹಾಗಿದ್ದೂ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿ ಏಳುತ್ತದೆ. ಕಾಡಂಚಿನ ಊರುಗಳಲ್ಲಿ ಬೆಳೆ ಕಾಯಲು ಪರವಾನಗಿ ಪಡೆದ ಬಂದೂಕುಗಳಿವೆ. ಹಳೆಯ ಮನೆಗಳಲ್ಲಿ ತಾತನ ಕಾಲದ ಬಂದೂಕು ಉಳಿದಿರುವುದುಂಟು. ಉದ್ದವಾಯಿತೆಂದು ನಳಿಗೆ ಕತ್ತರಿಸುವುದು, ತೋಟಾ ಸಿಗುವುದಿಲ್ಲವೆಂದು ಬೇರೆ ತೋಟಾ ಹಿಡಿಯುವಂತೆ ಕೊರೆಸುವುದು, ಹಿಡಿ ಮುರಿದಿದೆಯೆಂದು ಬಡಗಿಯಿಂದ ಹೊಸದು ಮಾಡಿಸುವುದು ಇವೆಲ್ಲ ಲೇತ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸವೆಂದು ತೋರುತ್ತವೆ. ಕಾನೂನಿನ ಕಣ್ಣಿಗೆ ಇವು ಸಣ್ಣ ಕೆಲಸಗಳಲ್ಲ. ಇವುಗಳಲ್ಲಿ ಕೆಲವಕ್ಕೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸವಿದೆ.

ಮನೆಯಲ್ಲಿರುವುದು ಯಾವ ಬಂದೂಕು?

ಮೊದಲು ತಿಳಿಯಬೇಕಾದದ್ದು ಇದು. ಊರುಗಳಲ್ಲಿ ಬೋಲ್ಟ್ ಇರುವ ಯಾವ ರೈಫಲ್ಲನ್ನು ಕಂಡರೂ ‘ತ್ರೀನಾಟ್‌ತ್ರೀ’ ಎನ್ನುವ ವಾಡಿಕೆಯಿದೆ. ಬಹುಪಾಲು ಸಲ ಅದು ತ್ರೀನಾಟ್‌ತ್ರೀ ಆಗಿರುವುದಿಲ್ಲ.

ನಿಜವಾದ .303 ಎಂದರೆ ಲೀ-ಎನ್‌ಫೀಲ್ಡ್ ರೈಫಲ್. ಅದರ ಮೂರನೇ ಮಾದರಿ 1907ರಲ್ಲಿ ಬ್ರಿಟಿಷ್ ಸೇನೆಗೆ ಬಂತು. ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ ದಶಕಗಳ ಕಾಲ ತಯಾರಾಯಿತು. ತೂಕ ಸುಮಾರು 4 ಕಿಲೋ, ನಳಿಗೆ 25 ಇಂಚಿಗೆ ತುಸು ಹೆಚ್ಚು, ಪೆಟ್ಟಿಗೆಯಲ್ಲಿ ಹತ್ತು ತೋಟಾ. ಎರಡು ಮಹಾಯುದ್ಧಗಳಲ್ಲಿ ಭಾರತದ ಸಿಪಾಯಿಗಳ ಹೆಗಲ ಮೇಲಿದ್ದದ್ದು ಇದೇ. 1962ರ ಚೀನಾ ಯುದ್ಧದ ನಂತರ ಸೇನೆ ಇದನ್ನು ಬಿಡುತ್ತ ಬಂತು. ಪೊಲೀಸರ ಕೈಯಲ್ಲಿ ಅದು ಇನ್ನೂ ಬಹಳ ಕಾಲ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು.

ಇದನ್ನೇ ಹೋಲುವ ಇನ್ನೊಂದು ರೈಫಲ್ .315. ಸರ್ಕಾರಿ ಆರ್ಡ್‌ನೆನ್ಸ್ ಕಾರ್ಖಾನೆಗಳು ನಾಗರಿಕರಿಗಾಗಿ ಮಾಡಿ ಮಾರುವ, ಪರವಾನಗಿದಾರರಲ್ಲಿ ಸಾಮಾನ್ಯವಾಗಿ ಕಾಣುವ ರೈಫಲ್ ಇದು. ಬೋಲ್ಟ್ ಮತ್ತು ಒಡಲಿನ ರಚನೆ ಲೀ-ಎನ್‌ಫೀಲ್ಡ್‌ನದೇ. ತೋಟಾ ಮಾತ್ರ ಬೇರೆ, 8 ಮಿಲಿಮೀಟರಿನದು. ಈ ವ್ಯತ್ಯಾಸ ಆಕಸ್ಮಿಕವಲ್ಲ. ಸೇನೆಯ ತೋಟಾ ಕಳವಾಗಿ ಊರಿನ ಬಂದೂಕಿಗೆ ಸೇರಬಾರದು ಎಂಬ ಅಂಜಿಕೆ ಬ್ರಿಟಿಷ್ ಆಡಳಿತಕ್ಕೆ ಮೊದಲಿನಿಂದ ಇತ್ತು. ಹಾಗಾಗಿ ಸೇನೆಯ ಅಳತೆಯ ಬಂದೂಕನ್ನು ಜನರ ಕೈಗೆ ಕೊಡದಿರುವುದು ಅದರ ನೀತಿಯಾಯಿತು. 1900ರ ದಶಕದಲ್ಲಿ .450 ಅಳತೆಯ ಬೇಟೆ ರೈಫಲ್‌ಗಳನ್ನು ಭಾರತದಲ್ಲಿ ತಡೆದದ್ದೂ ಇದೇ ಕಾರಣಕ್ಕೆ. ಸ್ವತಂತ್ರ ಭಾರತ ಆ ನೀತಿಯನ್ನು ಕೈಬಿಡಲಿಲ್ಲ. ಶಸ್ತ್ರಾಸ್ತ್ರ ನಿಯಮಗಳಲ್ಲಿ .303 ಮತ್ತು 7.62 ಮಿಲಿಮೀಟರಿನ ಸೇನಾ ತೋಟಾ ಹಿಡಿಯುವ ಬೋಲ್ಟ್ ರೈಫಲ್ಲುಗಳು ನಿಷೇಧಿತ ಬೋರಿನ ಸಾಲಿನಲ್ಲಿವೆ. ಅವುಗಳ ಪರವಾನಗಿ ಕೊಡುವ ಅಧಿಕಾರ ಜಿಲ್ಲಾಧಿಕಾರಿಗಿಲ್ಲ, ಕೇಂದ್ರ ಗೃಹ ಸಚಿವಾಲಯಕ್ಕಿದೆ.

ಅದೇ ಸಾಲಿನಲ್ಲಿ .410 ಮಸ್ಕೆಟ್ ಕೂಡ ಇದೆ. ಇದು ಸರ್ಕಾರವೇ ಮಾರ್ಪಡಿಸಿದ ಬಂದೂಕು. ಸೆರೆಮನೆ ಕಾವಲಿಗೆ, ಗಲಭೆ ಅಡಗಿಸಲಿಕ್ಕೆ ಹಳೆಯ ಲೀ-ಎನ್‌ಫೀಲ್ಡ್‌ಗಳ ನಳಿಗೆಯನ್ನು ನಯವಾಗಿ ಕೊರೆದು, ತೋಟಾ ಪೆಟ್ಟಿಗೆಗೆ ಮರದ ತುಂಡು ತುರುಕಿ, ಒಂದೇ ಈಡಿನ ಬಂದೂಕು ಮಾಡಿದರು. ನೋಡಲು ನಿರಪಾಯ ಚರೆ ಬಂದೂಕಿನಂತಿದ್ದರೂ ನಿಯಮದಲ್ಲಿ ಅದು ನಿಷೇಧಿತವೇ.

ರಾಮನಗರ ಸೀಮೆಯಲ್ಲಿ ಹೆಚ್ಚಾಗಿ ಕಾಣುವವು ಈ ಮೂರೂ ಅಲ್ಲ. ಬಾಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡೆಯುವ ನಾಡ ಬಂದೂಕು, ಇಲ್ಲವೇ 12 ಬೋರಿನ ಒಂಟಿ ನಳಿಗೆ ಅಥವಾ ಜೋಡಿ ನಳಿಗೆ. ಇವುಗಳಿಗೂ ಸೇನೆಗೂ ಸಂಬಂಧವಿಲ್ಲ. ಇನ್ನೂ ಹಳೆಯ ಕಾಲದವು ಅಪರೂಪಕ್ಕೆ ಸಿಗಬಹುದು. ಮೈಸೂರು ಸೇನೆ ಕಾಯುತ್ತಿದ್ದ ಮಾಗಡಿಯ ಸಾವನದುರ್ಗ 1791ರ ಡಿಸೆಂಬರ್ 21ರಂದು ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೇನೆಗೆ ಬಿತ್ತು. ಅದರ ಬೆನ್ನಿಗೇ ರಾಮಗಿರಿಯ ಕೋಟೆಯೂ ಬಿತ್ತು. ಎರಡು ಸೇನೆಗಳು ಮದ್ದು ಗುಂಡು ಸುರಿದುಹೋದ ನೆಲ ಇದು. ನೆಲ ಅಗೆಯುವಾಗ ಅಂಥದ್ದೇನಾದರೂ ಸಿಕ್ಕರೆ ಅದು ಹೊಲದವನ ಸೊತ್ತಾಗುವುದಿಲ್ಲ. ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಶಿವಮೊಗ್ಗ ಜಿಲ್ಲೆಯ ಬಿದನೂರು ನಗರದಲ್ಲಿ 2018ರಲ್ಲಿ ಹಾಳುಬಾವಿಯ ಕೆಸರಿನಿಂದ ಮೈಸೂರು ಸೇನೆಯ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳನ್ನು ಎತ್ತಿದ್ದು ಪುರಾತತ್ತ್ವ ಇಲಾಖೆ. ಅವು ಯಾರದಾದರೂ ಗುಜರಿಗೆ ಹೋಗಿದ್ದರೆ ಮೈಸೂರಿನ ರಾಕೆಟ್ ಬಗ್ಗೆ ತಿಳಿದದ್ದರಲ್ಲಿ ಒಂದು ಪಾಲು ತಿಳಿಯದೇ ಉಳಿಯುತ್ತಿತ್ತು.

ಗುರುತು ಓದುವುದು

ಲೀ-ಎನ್‌ಫೀಲ್ಡ್ ರೈಫಲ್ಲಿನ ಜಾತಕವೆಲ್ಲ ಅದರ ಮೈಮೇಲೆಯೇ ಇರುತ್ತದೆ. ಬೋಲ್ಟಿನ ಹಿಡಿ ಕೆಳಗೆ ಬಂದು ಕೂರುವ ಜಾಗದ ಹಿಂದೆ, ಮರದ ಹಿಡಿಗೆ ಸೇರುವ ಕಬ್ಬಿಣದ ಪಟ್ಟಿಯ ಬಲಗಡೆ ನೋಡಬೇಕು. ಸ್ವಾತಂತ್ರ್ಯಕ್ಕೆ ಮುಂಚಿನದಾದರೆ ಅಲ್ಲೊಂದು ಕಿರೀಟ, ದೊರೆಯ ಹೆಸರಿನ ಅಕ್ಷರಗಳು, ಇಶಾಪುರದ ಹೆಸರು, ಇಸವಿ, ಮಾದರಿಯ ಅಂಕೆ ಒಂದರ ಕೆಳಗೊಂದು ಇರುತ್ತವೆ. ನಂತರದ್ದಾದರೆ ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದಿರುತ್ತವೆ. ನಳಿಗೆಯ ಬುಡ, ಬೋಲ್ಟಿನ ಹಿಡಿಯ ಬೆನ್ನು, ಗುರಿಪಟ್ಟಿ, ಮೂತಿಯ ಕಬ್ಬಿಣದ ಮುಚ್ಚಳ ಹೀಗೆ ಹಲವು ಕಡೆ ಒಂದೇ ಸಂಖ್ಯೆ ಒತ್ತಿರುತ್ತಾರೆ. ಎಲ್ಲ ಕಡೆಯೂ ಅದೇ ಸಂಖ್ಯೆಯಿದ್ದರೆ ರೈಫಲ್ ಕಾರ್ಖಾನೆಯಿಂದ ಹೊರಟ ಜೋಡಣೆಯಲ್ಲೇ ಇದೆ ಎಂದರ್ಥ. ನಂತರ ಬಂದ ‘ನಂಬರ್ 4’ ಮಾದರಿಯಲ್ಲಿ ಬೋಲ್ಟಿನ ತುದಿಯ ಬಿಡಿಭಾಗದ ಮೇಲೆ 0ಯಿಂದ 3ರವರೆಗಿನ ಒಂದು ಅಂಕೆ ಇರುತ್ತದೆ. ಅದು ಉದ್ದದ ಅಳತೆ. ತೋಟಾದ ಹಿಂಭಾಗಕ್ಕೂ ಬೋಲ್ಟಿಗೂ ನಡುವೆ ಸಂದು ಎಷ್ಟಿರಬೇಕೆಂಬುದನ್ನು ಈ ಭಾಗ ಬದಲಾಯಿಸಿಯೇ ಸೇನೆಯ ಕಸಬುದಾರರು ಹೊಂದಿಸುತ್ತಿದ್ದರು. ನೋಡಿದರೆ ಚಿಕ್ಕ ತುಂಡು. ಆದರೆ ಹೊಡೆಯುವವನ ಮುಖದ ಮುಂದೆ ಒತ್ತಡ ತಡೆಯುವುದು ಅದೇ.

ಈ ಸಂಖ್ಯೆಗೆ ಕಾನೂನಿನಲ್ಲಿ ದೊಡ್ಡ ಬೆಲೆಯಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಬಂದೂಕಿನ ಮೇಲಿನ ತಯಾರಕರ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದು, ತೆಗೆಯುವುದು, ತಿದ್ದುವುದು, ಹುಸಿಯಾಗಿ ಒತ್ತುವುದು ಅಪರಾಧ. ಸಂಖ್ಯೆ ಅಳಿದ ಬಂದೂಕು ಯಾರ ಕೈಯಲ್ಲಿ ಸಿಕ್ಕಿತೋ ಅವರೇ ಅಳಿಸಿದರೆಂದು ಕಾಯ್ದೆ ಊಹಿಸಿಕೊಳ್ಳುತ್ತದೆ. ತಾನಲ್ಲವೆಂದು ತೋರಿಸುವ ಹೊರೆ ಇಟ್ಟುಕೊಂಡವನ ಮೇಲೆ ಬೀಳುತ್ತದೆ. ತುಕ್ಕು ತೆಗೆಯಲು ಉಜ್ಜುವ ಯಂತ್ರಕ್ಕೆ ಕೊಟ್ಟು ಹೊಳಪು ಹಾಕಿಸುವವರು ಮೊದಲು ಕಳೆದುಕೊಳ್ಳುವುದು ಈ ಗುರುತನ್ನೇ.

ಕಾಯ್ದೆ ಏನನ್ನು ತಡೆಯುತ್ತದೆ?

ಮುಖ್ಯವಾದದ್ದು 6ನೇ ಸೆಕ್ಷನ್. ಬಂದೂಕಿನ ನಳಿಗೆಯನ್ನು ಮೊಟಕು ಮಾಡಲು, ನಕಲಿ ಬಂದೂಕನ್ನು ನಿಜವಾದ ಬಂದೂಕಾಗಿ ಪರಿವರ್ತಿಸಲು ಪ್ರತ್ಯೇಕ ಪರವಾನಗಿ ಬೇಕು. 2019ರ ಡಿಸೆಂಬರಿನ ತಿದ್ದುಪಡಿ ಇದಕ್ಕೆ ಮೂರನೆಯದನ್ನು ಸೇರಿಸಿತು: ನಿಯಮಗಳ ಒಂದು ವರ್ಗದ ಬಂದೂಕನ್ನು ಇನ್ನೊಂದು ವರ್ಗಕ್ಕೆ ಬದಲಾಯಿಸುವುದೂ ಅಷ್ಟೇ. ಬಂದೂಕು ಇಟ್ಟುಕೊಳ್ಳುವ ಮಾಮೂಲಿ ಪರವಾನಗಿ ಇದಕ್ಕೆ ಸಾಲದು. ಇದನ್ನು ಮೀರಿದರೆ 25ನೇ ಸೆಕ್ಷನ್ನಿನಡಿ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ, ಜೊತೆಗೆ ದಂಡ. ಬಂದೂಕಿನ ಒಡೆಯ ಎಷ್ಟೇ ಕಾನೂನುಬದ್ಧನಾಗಿದ್ದರೂ ಈ ಲೆಕ್ಕ ಬದಲಾಗದು.

5ನೇ ಸೆಕ್ಷನ್ ಕೆಲಸ ಮಾಡಿಕೊಡುವವನಿಗೆ ಸಂಬಂಧಿಸಿದ್ದು. ಬಂದೂಕು ತಯಾರಿಸುವುದು, ಮಾರುವುದು ಮಾತ್ರವಲ್ಲ, ಪರಿವರ್ತಿಸುವುದು, ರಿಪೇರಿ ಮಾಡುವುದು, ಪರೀಕ್ಷಿಸುವುದು ಕೂಡ ಪರವಾನಗಿಯುಳ್ಳವರ ಕೆಲಸ. ಕುಲುಮೆಯವನು, ಲೇತ್ ಅಂಗಡಿಯವನು, ಟ್ರ್ಯಾಕ್ಟರ್ ಮೆಕ್ಯಾನಿಕ್ ಎಷ್ಟೇ ಕೈಚಳಕದವನಾಗಿದ್ದರೂ ಬಂದೂಕಿಗೆ ಕೈ ಹಾಕುವಂತಿಲ್ಲ. ದಾಕ್ಷಿಣ್ಯಕ್ಕೆ ಮಾಡಿಕೊಟ್ಟನೆಂದರೆ ಒಡೆಯನ ಜೊತೆ ಅವನೂ ಆರೋಪಿ. ಚನ್ನಪಟ್ಟಣದಲ್ಲಿ ಆಲೆ ಮರ ಕಡೆಯುವ ನುರಿತ ಕೈಗಳಿಗೆ ಕೊರತೆಯಿಲ್ಲ, ಬಂದೂಕಿನ ಹಿಡಿಯನ್ನು ಒರಿಜಿನಲ್ಲಿಗಿಂತ ಚೆನ್ನಾಗಿ ಮಾಡಿಕೊಟ್ಟಾರು. ಆದರೂ ಆ ಕೆಲಸ ರಿಪೇರಿ ಪರವಾನಗಿಯಿರುವ ಬಂದೂಕು ಅಂಗಡಿಯ ಮೂಲಕ, ರಸೀದಿಯೊಂದಿಗೆ ನಡೆಯಬೇಕು.

ಅಳತೆಯ ಮಾತು ಬಂದಾಗ 20 ಇಂಚು ಎಂಬ ಗಡಿ ನೆನಪಿನಲ್ಲಿರಬೇಕು. 13ನೇ ಸೆಕ್ಷನ್ ಆತ್ಮರಕ್ಷಣೆಗೆ, ಕ್ರೀಡೆಗೆ ಹೇಳುವುದು 20 ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ಸುರುಳಿ ಗೆರೆಗಳಿಲ್ಲದ ನಯ ನಳಿಗೆ ಬಂದೂಕನ್ನು. ಬೆಳೆ ರಕ್ಷಣೆಗೆ ಹೇಳುವುದು ಬಾಯಿಂದ ತುಂಬುವ ಬಂದೂಕನ್ನು. ಅದು ಸಾಲದೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಬೇರೆ ನಯ ನಳಿಗೆ ಬಂದೂಕನ್ನು ಕೊಡಬಹುದು. ನಳಿಗೆ ಕತ್ತರಿಸಿ 20 ಇಂಚಿಗೆ ಕೆಳಗಿಳಿಸಿದ ಬಂದೂಕು ಆ ವರ್ಗದಿಂದಲೇ ಹೊರಬೀಳುತ್ತದೆ. ಮಡಿಲಲ್ಲಿ, ಚೀಲದಲ್ಲಿ ಬಚ್ಚಿಡಬಹುದಾದ ಬಂದೂಕಿನ ಬಗ್ಗೆ ಕಾಯ್ದೆಗೆ ಇಷ್ಟು ಸಿಟ್ಟಿರುವುದು ಸರಿಯಾಗಿಯೇ ಇದೆ. ಕಾಡುಹಂದಿ ಬೆದರಿಸಲು ಅಂಥದ್ದು ಯಾರಿಗೂ ಬೇಕಿಲ್ಲ.

ಸದ್ದಡಗಿಸುವ, ಬೆಂಕಿಯ ಹೊಳಪು ಮರೆಮಾಡುವ ಉಪಕರಣಗಳು ಯಾವ ಬಂದೂಕಿಗಾದರೂ ನಿಷೇಧಿತ. .315 ರೈಫಲ್ಲನ್ನು .303ಕ್ಕೆ ಇಲ್ಲವೇ 7.62ಕ್ಕೆ ಬದಲಾಯಿಸುವುದೆಂದರೆ ಪರವಾನಗಿಯುಳ್ಳ ಬಂದೂಕನ್ನು ಕೈಯಾರೆ ನಿಷೇಧಿತ ಸಾಲಿಗೆ ತಳ್ಳುವುದು. ನಿಷೇಧಿತ ಆಯುಧ ಇಟ್ಟುಕೊಂಡಿದ್ದಕ್ಕೆ ಈಗಿರುವ ಶಿಕ್ಷೆ 7ರಿಂದ 14 ವರ್ಷ.

ನಕಲಿ ಬಂದೂಕಿನ ಮಾತು ಈ ಸೀಮೆಗೆ ಇನ್ನೊಂದು ಬಗೆಯಲ್ಲಿ ಹೊಂದುತ್ತದೆ. ‘ಶೋಲೆ’ ಚಿತ್ರೀಕರಣವಾದ ರಾಮನಗರದ ಬೆಟ್ಟಗಳಿಗೆ ಇಂದಿಗೂ ಸಿನಿಮಾ ತಂಡಗಳು ಬರುತ್ತವೆ, ಜೊತೆಗೆ ನಕಲಿ ಬಂದೂಕುಗಳೂ ಬರುತ್ತವೆ. ಅಂಥದ್ದಕ್ಕೆ ನಿಜವಾದ ನಳಿಗೆ ಸೇರಿಸಿ ಸಿಡಿಯುವಂತೆ ಮಾಡುವುದು ಮೇಲೆ ಹೇಳಿದ 6ನೇ ಸೆಕ್ಷನ್ನಿನದೇ ಅಪರಾಧ.

ಇನ್ನು ಕೊಡಗಿನ ಉದಾಹರಣೆ. ಅಲ್ಲಿನ ಕೊಡವರಿಗೆ, ವಂಶಪಾರಂಪರ್ಯವಾದ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದಿದೆ. ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಮುಡಿಸಿ ಪೂಜಿಸುವ ಸಂಪ್ರದಾಯ ಅಲ್ಲಿ ಬಲವಾಗಿದೆ. ಆದರೆ ವಿನಾಯಿತಿ ಇಟ್ಟುಕೊಳ್ಳಲು, ಒಯ್ಯಲು ಮಾತ್ರ. ನಳಿಗೆ ಕತ್ತರಿಸಲು ಅಲ್ಲ. ಕೊಡಗಿನ ನೆಂಟರ ಮನೆಯಲ್ಲಿ ಕಂಡದ್ದನ್ನು ಕನಕಪುರದಲ್ಲಿ ಮಾಡಲು ಹೋದವರಿಗೆ ಆ ಇಟ್ಟುಕೊಳ್ಳುವ ವಿನಾಯಿತಿಯೂ ಸಿಗದು.

‘ಹಳೆಯದಾಯಿತು, ನೂರು ವರ್ಷ ಕಳೆಯಿತು, ಇದಕ್ಕೇನು ಲೈಸೆನ್ಸು’ ಎಂಬ ಮಾತೂ ಕೇಳಿಬರುತ್ತದೆ. ವಯಸ್ಸೊಂದೇ ಬಂದೂಕನ್ನು ಕಾಯ್ದೆಯಿಂದ ಬಿಡಿಸುವುದಿಲ್ಲ. 45ನೇ ಸೆಕ್ಷನ್ ಬಿಡುವುದು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವನ್ನು, ಅದೂ ರಿಪೇರಿ ಮಾಡಿದರೂ ಮಾಡದಿದ್ದರೂ ಬಂದೂಕಾಗಿ ಬಳಸಲು ಆಗದಂತಿದ್ದರೆ ಮಾತ್ರ. 1915ರ ಲೀ-ಎನ್‌ಫೀಲ್ಡ್ ತುಕ್ಕು ಹಿಡಿದಿದ್ದರೂ ಬೋಲ್ಟ್ ಬದಲಿಸಿ ಎಣ್ಣೆ ಹಾಕಿದರೆ ಸಿಡಿಯುತ್ತದೆ. ಆದ್ದರಿಂದ ಅದು ಬಂದೂಕೇ. ರಿಪೇರಿಗೆ ಬರುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವವನು ಮನೆಯ ಯಜಮಾನನಲ್ಲ.

ಯಂತ್ರದ ಲೆಕ್ಕ

ಕಾನೂನು ಬದಿಗಿಟ್ಟರೂ ತೋಟಾ ಬದಲಾಯಿಸುವ ಕೆಲಸ ಪ್ರಾಣಕ್ಕೆ ಎರವು. ಲೀ-ಎನ್‌ಫೀಲ್ಡ್‌ನ ಬೋಲ್ಟ್ ಹಿಂಬದಿಯಲ್ಲಿ ಬೀಗ ಹಾಕಿಕೊಳ್ಳುತ್ತದೆ. ಬೇಗ ಬೇಗ ಹೊಡೆಯಲು ಇದು ಅನುಕೂಲ, ಹೆಚ್ಚಿನ ಒತ್ತಡ ತಡೆಯಲು ಅಷ್ಟು ಅನುಕೂಲವಲ್ಲ. 7.62ರ ತೋಟಾ .303ಕ್ಕಿಂತ ಹೆಚ್ಚು ಒತ್ತಡದ್ದು. 1962ರ ಯುದ್ಧದ ನಂತರ ಇಶಾಪುರದ ಕಾರ್ಖಾನೆ ಇದೇ ಮಾದರಿಯಲ್ಲಿ 7.62ರ ರೈಫಲ್ ಮಾಡಹೊರಟಾಗ ಹಳೆಯ ಒಡಲುಗಳನ್ನು ಕೊರೆದು ಕೈತೊಳೆದುಕೊಳ್ಳಲಿಲ್ಲ. ಇನ್ನೂ ಗಟ್ಟಿಯಾದ ಉಕ್ಕಿನಲ್ಲಿ ಹೊಸ ಒಡಲುಗಳನ್ನೇ ತಯಾರಿಸಿತು. 2ಎ, 2ಎ1 ಎಂದು ಹೆಸರಾದ ರೈಫಲ್ಲುಗಳವು. ಸರ್ಕಾರಿ ಕಾರ್ಖಾನೆಯೇ ಮಾಡಲು ಹಿಂಜರಿದದ್ದನ್ನು ಬೀದಿಬದಿಯ ಲೇತ್ ಮಾಡಿಕೊಡುತ್ತದೆಂದು ನಂಬುವುದು ಕಷ್ಟ.

ನಾಡ ಬಂದೂಕಿನ ಅಪಾಯ ಬೇರೆ ರೀತಿಯದು. ಹಳೆಯ ನಳಿಗೆಯ ಒಳಗೋಡೆಯನ್ನು ಮದ್ದಿನ ಕಿಟ್ಟ ತಿಂದಿರುತ್ತದೆ, ಹೊರಗಿಂದ ಕಾಣುವುದಿಲ್ಲ. ಅದರ ಬುಡ ಕೊರೆದು 12 ಬೋರಿನ ತೋಟಾ ಹಾಕುವಂತೆ ಮಾಡಿದರೆ ಕರಿಮದ್ದಿಗಾಗಿ ಮಾಡಿದ ತೆಳು ನಳಿಗೆ ಹೊಗೆಯಿಲ್ಲದ ಮದ್ದಿನ ಒತ್ತಡ ತಡೆಯಬೇಕಾಗುತ್ತದೆ. ಸಿಡಿದರೆ ಎಡಗೈ ಹೋಗುತ್ತದೆ. ನಳಿಗೆಯನ್ನು ಹಿಡಿದಿರುವುದು ಆ ಕೈಯೇ.

ಏನು ಮಾಡಬಹುದು ಎಂಬುದು ಚಿಕ್ಕ ಮಾತು. ನಳಿಗೆಗೆ ಸಲಾಕೆ ಹಾಕಿ ಬಟ್ಟೆಯಿಂದ ಒರೆಸುವುದು, ತೆಳುವಾಗಿ ಬಂದೂಕಿನ ಎಣ್ಣೆ ಸವರುವುದು, ಮರಕ್ಕೆ ಅಗಸೆ ಎಣ್ಣೆ ಉಜ್ಜುವುದು, ಸಡಿಲವಾದ ತಿರುಪು ಬಿಗಿ ಮಾಡುವುದು ಒಡೆಯನ ಕೆಲಸ. ಇದಕ್ಕಿಂತ ಮುಂದೆ ಹೋಗುವುದೆಲ್ಲ ಪರವಾನಗಿಯ ಅಂಗಡಿಗೆ. ಆಯುಧಪೂಜೆಯ ದಿನ ಹಚ್ಚಿದ ಅರಿಶಿನ, ಕುಂಕುಮ, ಮೇಲೆ ಹಿಂಡಿದ ನಿಂಬೆಹಣ್ಣಿನ ರಸವನ್ನು ಮಾರನೆಯ ದಿನಕ್ಕೆ ಬಿಡದೆ ಅಂದೇ ಸಂಜೆ ಒರೆಸಿ ಎಣ್ಣೆ ಹಾಕಬೇಕು. ಉಕ್ಕಿನ ಮೇಲಿನ ಗುಳಿಗಳಿಗೆ ಹುಳಿಯೇ ಮೂಲ. ಹಬ್ಬ, ಮದುವೆ, ಜಾತ್ರೆಗಳಲ್ಲಿ ಸಂಭ್ರಮಕ್ಕೆಂದು ಅಜಾಗರೂಕತೆಯಿಂದ ಗುಂಡು ಹಾರಿಸಿ ಪರರ ಜೀವಕ್ಕೆ ಅಪಾಯ ತರುವುದು 2019ರಿಂದ ಪ್ರತ್ಯೇಕ ಅಪರಾಧ: ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ತಿದ್ದುವುದು ಸರಿಯೇ?

ಕಾನೂನು ಒಪ್ಪುವ ದೇಶಗಳಲ್ಲೂ ಈ ಪ್ರಶ್ನೆ ಮುಗಿದಿಲ್ಲ. 1950ರ, 60ರ ದಶಕಗಳಲ್ಲಿ ರಾಶಿ ಬಿದ್ದಿದ್ದ ರೈಫಲ್ಲುಗಳನ್ನು ಕತ್ತರಿಸಿದವರಿಗೆ ಯಾವ ಅಳುಕೂ ಇರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಆಗ ಅವು ಬರೀ ಸರಕು. ಈಗ ಅಲ್ಲಿ ಕತ್ತರಿಸದೆ ಉಳಿದ ರೈಫಲ್ಲಿಗೇ ಸಂಗ್ರಾಹಕರಲ್ಲಿ ಹೆಚ್ಚು ಬೆಲೆ. ಕತ್ತರಿಸಿದ ಮರ ಮತ್ತೆ ಬೆಳೆಯುವುದಿಲ್ಲ, ನಳಿಗೆಯೂ ಅಷ್ಟೇ. ಹಿಂದಕ್ಕೆ ತರಲಾಗುವ ಬದಲಾವಣೆ, ತರಲಾಗದ ಬದಲಾವಣೆ ಇವೆರಡರ ನಡುವಿನ ಗೆರೆಯೇ ಅಲ್ಲಿನ ವಿವೇಕಿಗಳು ಹಾಕಿಕೊಂಡಿರುವ ಕಟ್ಟುಪಾಡು. ತಿರುಪು ಬಿಚ್ಚಿ ತೆಗೆಯಬಹುದಾದ ಪಟ್ಟಿ ಸೇರಿಸುವುದು ಒಂದು, ರಂಧ್ರ ಕೊರೆಯುವುದು ಇನ್ನೊಂದು.

ಭಾರತದಲ್ಲಿ ಈ ಮಾತು ಇನ್ನೂ ಬಿಗಿಯಾಗಬೇಕು, ಏಕೆಂದರೆ ಇಲ್ಲಿ ಖಾಸಗಿ ಕೈಯಲ್ಲಿ ಉಳಿದಿರುವುದೇ ಕಡಿಮೆ. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ದಳ 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ತೀನಿನ ಹೈಫಾದಲ್ಲಿ ಕಾದಿದ ಕಥೆ ಪುಸ್ತಕಗಳಲ್ಲಿದೆ. ಆ ಕಾಲದ ಸಾಮಾನ್ಯ ಸಿಪಾಯಿ ಏನನ್ನು ಹೊತ್ತು ನಡೆದ, ಅದರ ತೂಕವೆಷ್ಟು, ಹಿಡಿ ಎಲ್ಲಿ ಸವೆದಿತ್ತು ಎಂಬುದನ್ನು ಹೇಳಲು ವಸ್ತುವೇ ಬೇಕು. ಹಿಡಿಯ ಮೇಲೆ ಕೊರೆದ ದಳದ ಅಂಕೆ, ಮರದ ಮೇಲಿನ ಗೀರು, ಹೊಸ ತುಂಡು ಸೇರಿಸಿದ ತೇಪೆ ಇವೆಲ್ಲ ಮರಳು ಕಾಗದದ ಒಂದು ಉಜ್ಜಿಗೆ ಮಾಯವಾಗುತ್ತವೆ. ಹಾಗೆ ಉಜ್ಜಿದವರ ಉದ್ದೇಶ ಹೆಚ್ಚಿನ ಸಲ ಒಳ್ಳೆಯದೇ ಆಗಿರುತ್ತದೆ.

ಮಾರ್ಪಾಡು ಎಂದರೆ ಎಲ್ಲವೂ ಹಾಳಲ್ಲ ಎಂಬುದನ್ನೂ ಹೇಳಬೇಕು. .410 ಮಸ್ಕೆಟ್ಟಿನ ಮರದ ತುಂಡು, ಗ್ರೆನೇಡ್ ಎಸೆಯುವ ರೈಫಲ್ಲುಗಳ ಮುಂಭಾಗ ಸೀಳದಂತೆ ಸುತ್ತಿದ ತಂತಿ ಇವು ಭಾರತದ ಕಾರ್ಯಾಗಾರಗಳು ತಮ್ಮ ಅಗತ್ಯಕ್ಕೆ ಮಾಡಿದ ಬದಲಾವಣೆಗಳು. ಅವೇ ಈಗ ಆ ರೈಫಲ್ಲಿನ ಇತಿಹಾಸ. ಶಿಕಾರಿ ಕಾಲದಲ್ಲಿ ಯಾರೋ ಕತ್ತರಿಸಿ ಬೇಟೆಗೆ ಒಗ್ಗಿಸಿದ ರೈಫಲ್ ಸಿಕ್ಕರೆ ಅದನ್ನೂ ಹಾಗೆಯೇ ಬಿಡುವುದು ಲೇಸು. ಅಸಲಿಯಂತೆ ಕಾಣಲಿ ಎಂದು ಬೇರೆ ರೈಫಲ್ಲಿನ ಭಾಗ ಜೋಡಿಸಿ ಸಂಖ್ಯೆ ಒತ್ತಿಸುವುದು ಕಾನೂನಿಗೂ ವಿರುದ್ಧ, ಕೊಳ್ಳುವವನಿಗೂ ಮೋಸ.

ಬೆಳೆ ಕಾಯುವವರ ಪಾಡು

ಬಂದೂಕು ತಿದ್ದಿಸುವ ಆಸೆ ಈ ಸೀಮೆಯಲ್ಲಿ ಹುಟ್ಟುವುದು ಶೋಕಿಯಿಂದಲ್ಲ, ಹೊಲದಿಂದ. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಮತ್ತು ಕಾವೇರಿ ವನ್ಯಧಾಮದ ಕಡೆಯಿಂದ ಕನಕಪುರ, ಚನ್ನಪಟ್ಟಣದ ತೋಟಗಳಿಗೆ ಆನೆ ಇಳಿಯುತ್ತದೆ. ರಾಗಿ, ಜೋಳ, ಕಡಲೆಕಾಯಿಗೆ ಹಂದಿ ನುಗ್ಗುತ್ತದೆ. ಮಾಗಡಿ, ರಾಮನಗರದ ಬಂಡೆಗಳ ನಡುವೆ ಚಿರತೆಯಿದೆ. ಆದರೆ ಬೆಳೆ ರಕ್ಷಣೆಯ ಪರವಾನಗಿ ಪ್ರಾಣಿ ಕೊಲ್ಲುವ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೇ ಪರಿಶಿಷ್ಟದಲ್ಲಿದೆ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿಯ ಲಿಖಿತ ಆದೇಶ ಬೇಕು. ಮೊದಲ ಪರಿಶಿಷ್ಟದಲ್ಲಿರುವ ಆನೆ, ಚಿರತೆಗಳ ಮೇಲೆ ಬೆಳೆಯ ಹೆಸರಿನಲ್ಲಿ ಗುಂಡು ಹಾರಿಸುವ ಪ್ರಶ್ನೆಯೇ ಇಲ್ಲ. ಗಾಳಿಯಲ್ಲಿ ಈಡು ಹಾಕಿ ಬೆದರಿಸಲು ದೂರಕ್ಕೆ ಹೊಡೆಯುವ ಸೇನಾ ರೈಫಲ್ ಬೇಡ. .303ರ ಗುಂಡು ಒಂದು ಕಿಲೋಮೀಟರು ದಾಟಿಯೂ ಕೊಲ್ಲಬಲ್ಲದು. ಊರಿಗೂ ಊರಿಗೂ ನಡುವೆ ಅಷ್ಟು ಖಾಲಿ ಜಾಗವೂ ಇಲ್ಲಿಲ್ಲ.

ಅದೇ ವನ್ಯಜೀವಿ ಕಾಯ್ದೆಯ 34ನೇ ಸೆಕ್ಷನ್ ಬಹಳ ಮಂದಿಯ ಗಮನಕ್ಕೆ ಬರುವುದಿಲ್ಲ. ವನ್ಯಧಾಮದಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಬಂದೂಕು ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಆ ವ್ಯಾಪ್ತಿಯಲ್ಲಿ ಹೊಸ ಪರವಾನಗಿ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು. ರಾಮನಗರ ಪಟ್ಟಣದ ಅಂಚಿನಲ್ಲೇ ರಾಮದೇವರ ಬೆಟ್ಟದ ರಣಹದ್ದು ಧಾಮವಿದೆ, ಕನಕಪುರದ ಬೆನ್ನಿಗೆ ಕಾವೇರಿ ಧಾಮ. ಹಳ್ಳಿಯೊಂದು ಈ ವ್ಯಾಪ್ತಿಗೆ ಬರುತ್ತದೆಯೇ ಎಂದು ಅರ್ಜಿ ಹಾಕುವ ಮೊದಲೇ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಕೇಳಿಕೊಂಡರೆ ತಿಂಗಳುಗಟ್ಟಲೆ ಅಲೆದಾಟ ಉಳಿಯುತ್ತದೆ.

ಹಳೆಯ ಬಂದೂಕು ಬೆಳೆ ಕಾಯಲು ಆಗದಿದ್ದರೆ ದಾರಿ ಒಂದೇ: ಅದನ್ನು ತಿದ್ದಿಸದೆ ಪರವಾನಗಿಯ ಅಂಗಡಿಗೆ ಒಪ್ಪಿಸಿ, ಸೂಕ್ತವಾದ ನಯ ನಳಿಗೆ ಬಂದೂಕಿಗೆ ಪರವಾನಗಿಯಲ್ಲಿ ಬದಲಾವಣೆ ಕೇಳಿ ಜಿಲ್ಲಾಧಿಕಾರಿಗೆ ಅರ್ಜಿ ಹಾಕುವುದು. ಹೊಸ ಅರ್ಜಿಗೆ ಶಸ್ತ್ರಾಸ್ತ್ರ ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಸುರಕ್ಷಿತವಾಗಿ ಇಡುವ ಮುಚ್ಚಳಿಕೆ ಬೇಕಾಗುತ್ತವೆ. ಪರವಾನಗಿಯ ಅವಧಿ ಈಗ ಐದು ವರ್ಷ.

ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಒಪ್ಪಿಸಲು ನೋಟಿಸು ಬರುತ್ತದೆ. 2024ರ ನವೆಂಬರಿನ ಉಪಚುನಾವಣೆಯೂ ಸೇರಿ ಚನ್ನಪಟ್ಟಣಕ್ಕೆ ಇದು ಮತ್ತೆ ಮತ್ತೆ ಬರುವ ಅನುಭವ. ಫಸಲು ಕಾಯುವ ಹೊತ್ತಿನಲ್ಲೇ ಬಂದರೆ ವಿನಾಯಿತಿ ಕೋರಿ ಜಿಲ್ಲೆಯ ಪರಿಶೀಲನಾ ಸಮಿತಿಗೆ ಅರ್ಜಿ ಕೊಡಬಹುದು. ಒಪ್ಪಿಸುವಾಗ ಠಾಣೆಯಲ್ಲಿ ಬಂದೂಕಿನ ಸಂಖ್ಯೆಯನ್ನು ಪರವಾನಗಿ ಪುಸ್ತಕದೊಂದಿಗೆ ತಾಳೆ ನೋಡಿ ರಸೀದಿ ಕೊಡುತ್ತಾರೆ. ಕದ್ದುಮುಚ್ಚಿ ಮಾಡಿಸಿದ ಬದಲಾವಣೆಗಳು ಬಯಲಾಗಲು ಇಷ್ಟು ಸಾಕು.

ತಾತನ ಬಂದೂಕು

ಪರವಾನಗಿದಾರರು ತೀರಿಕೊಂಡ ಕ್ಷಣದಿಂದ ಮನೆಯಲ್ಲಿರುವ ಬಂದೂಕಿಗೆ ಒಡೆಯನಿಲ್ಲ. ಅಟ್ಟಕ್ಕೆ ಹಾಕಿ ಮರೆತರೆ ಮಕ್ಕಳು ಪರವಾನಗಿಯಿಲ್ಲದೆ ಇಟ್ಟುಕೊಂಡ ಆರೋಪಕ್ಕೆ ಸಿಲುಕುತ್ತಾರೆ. ಅದಕ್ಕೆ ಶಿಕ್ಷೆ 2ರಿಂದ 5 ವರ್ಷ. 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಠಾಣೆಯಲ್ಲಿ ಅಥವಾ ಪರವಾನಗಿಯ ಅಂಗಡಿಯಲ್ಲಿ ಇರಿಸಿ ರಸೀದಿ ಪಡೆಯಬೇಕು. ಆಮೇಲೆ ಉಳಿದ ವಾರಸುದಾರರ ಒಪ್ಪಿಗೆಯೊಂದಿಗೆ ಒಬ್ಬರ ಹೆಸರಿಗೆ ಪರವಾನಗಿ ಕೇಳಬಹುದು. ಬದುಕಿರುವಾಗಲೇ ವರ್ಗಾಯಿಸುವ ಅವಕಾಶವೂ 2016ರ ನಿಯಮಗಳಲ್ಲಿದೆ: ಪರವಾನಗಿದಾರರಿಗೆ 70 ವರ್ಷ ತುಂಬಿದಾಗ ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗ, ವಾರಸುದಾರರೊಬ್ಬರನ್ನು ಹೆಸರಿಸಬಹುದು. ಆದರೆ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. 2019ರವರೆಗೆ ಈ ಮಿತಿ ಮೂರಿತ್ತು. ಪಿತ್ರಾರ್ಜಿತವೆಂಬ ಕಾರಣಕ್ಕೆ ಮಿತಿ ಹೆಚ್ಚುವುದಿಲ್ಲ.

ಅಟ್ಟದಲ್ಲಿ ಸಿಕ್ಕಿದ್ದು ಪರವಾನಗಿಯೇ ಇಲ್ಲದ ಬಂದೂಕಾದರೆ ಅದನ್ನು ಹೆಗಲಿಗೇರಿಸಿಕೊಂಡು ಠಾಣೆಗೆ ಹೊರಡುವುದಕ್ಕಿಂತ, ವಕೀಲರೊಬ್ಬರ ಮೂಲಕ ಲಿಖಿತವಾಗಿ ತಿಳಿಸಿ ಪೊಲೀಸರೇ ಬಂದು ಮಹಜರು ಮಾಡಿ ಒಯ್ಯುವಂತೆ ಮಾಡುವುದು ಜಾಣತನ. ಒಳಗೆ ಹಳೆಯ ಮದ್ದು ತುಂಬಿರಬಹುದು. ನಾಡ ಬಂದೂಕುಗಳಲ್ಲಿ ಈಡು ಹಾಕಿ ಹೊಡೆಯದೆ ಇಟ್ಟು ದಶಕಗಳೇ ಕಳೆದಿರುವುದುಂಟು, ಅಷ್ಟಾದರೂ ಅದು ಸಿಡಿಯಬಲ್ಲದು. ಕೇಪು ಇಡುವ ಮೊಳೆಯನ್ನು ಸುತ್ತಿಗೆಯಿಂದ ತಟ್ಟಿ ನೋಡುವುದು, ಬೆಂಕಿಯಲ್ಲಿ ಕಾಯಿಸಿ ತುಕ್ಕು ಬಿಡಿಸುವುದು ಬೇಡವೇ ಬೇಡ.

ಇಟ್ಟುಕೊಳ್ಳಲು ಮನಸ್ಸಿಲ್ಲದ, ಆದರೆ ಗುಜರಿಗೆ ಹೋಗಬಾರದೆನ್ನುವ ಬಂದೂಕಿಗೆ ಸಂಗ್ರಹಾಲಯವೇ ತಕ್ಕ ಜಾಗ. ಸೇನೆಗೆ ಸಂಬಂಧಿಸಿದ ವಸ್ತುಗಳ ಸಂಗ್ರಹ ಮಡಿಕೇರಿಯಲ್ಲಿ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯನವರ ಮನೆಯಾಗಿದ್ದ ‘ಸನ್ನಿಸೈಡ್’ನಲ್ಲಿದೆ. ಕೊಡುವುದೂ ವರ್ಗಾವಣೆಯೇ ಆದ್ದರಿಂದ ಜಿಲ್ಲಾಧಿಕಾರಿ ಕಚೇರಿಯ ಲಿಖಿತ ಅನುಮತಿ ಮೊದಲು ಬೇಕು. ಬಂದೂಕಿನ ಜೊತೆ ಹಳೆಯ ಪರವಾನಗಿ ಪುಸ್ತಕ, ತೋಟಾ ಕೊಂಡ ರಸೀದಿ, ಅದನ್ನು ಹಿಡಿದು ನಿಂತ ಹಿರಿಯರ ಫೋಟೊ ಇದ್ದರೆ ಅವನ್ನೂ ಸೇರಿಸಿ ಕೊಡುವುದು ಒಳ್ಳೆಯದು. ಯಾರದೆಂದು ತಿಳಿಯದ ಬಂದೂಕಿಗಿಂತ ಯಾರದೆಂದು ತಿಳಿದ ಬಂದೂಕು ಸಂಗ್ರಹಾಲಯಕ್ಕೆ ಹೆಚ್ಚು ಉಪಯೋಗಿ. ವಿದೇಶದಲ್ಲಿರುವ ಮಕ್ಕಳು ನೆನಪಿಗೆಂದು ಒಯ್ಯಲು ಕೇಳಿದರೆ, 100 ವರ್ಷ ದಾಟಿದ ವಸ್ತುವನ್ನು ದೇಶದ ಹೊರಗೆ ಸಾಗಿಸಲು 1972ರ ಪುರಾತನ ವಸ್ತುಗಳ ಕಾಯ್ದೆ ಖಾಸಗಿಯವರಿಗೆ ಅವಕಾಶ ಕೊಡುವುದಿಲ್ಲ. ಅಷ್ಟು ಹಳೆಯದಲ್ಲದ ಬಂದೂಕಿಗೂ ಶಸ್ತ್ರಾಸ್ತ್ರ ಕಾಯ್ದೆಯಡಿ ರಫ್ತು ಪರವಾನಗಿ, ಒಯ್ಯುವ ದೇಶದ ಆಮದು ಪರವಾನಗಿ ಎರಡೂ ಬೇಕು.